ಮೈದಾನದ ಮೇಷ್ಟರು: ರಹೀಂ ಸಾಹೇಬರು

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡವು ಅಂತರ ಕಾಲೇಜು ಪಂದ್ಯಗಳ ಮೊದಲನೆಯ ಸುತ್ತಿನಲ್ಲಿಯೇ ಸೋತು ಹಿಂದಿರುಗಿದ ಸಂಗತಿ ವಾಚಕರಿಗೆಲ್ಲ ತಿಳಿದದ್ದೇ. ಸೋತುದಕ್ಕಿಂತ ಹೆಚ್ಚಾಗಿ, ಆ ಸೋಲಿನ ತರುವಾಯ ವಿದ್ಯಾರ್ಥಿನಿಲಯದಲ್ಲಿ ಎರಡು ರಾತ್ರಿ ನಡೆದ ವಾದವೇ ನನ್ನ ಮನಸ್ಸಿನಲ್ಲಿ ಉಳಿದಿದೆ. ತಕ್ಕ ತರಬೇತುದಾರನಿದ್ದರೆ ನಮ್ಮ ಹುಡುಗರು ಯಾರಿಗೂ ಕಡಿಮೆಯಿಲ್ಲವೆಂದು ಒಂದು ಪಕ್ಷ. ಹುಡುಗರಲ್ಲಿಯೇ ಹುರುಳಿಲ್ಲದಿದ್ದರೆ ತರಬೇತುದಾರನು ತಾನೇ ಏನು ಮಾಡಿಯಾನು ಎಂದು ಇನ್ನೊಂದು ಪಕ್ಷ. ಹದಿನೆಂಟು ವರ್ಷದ ಹುಡುಗನೊಬ್ಬನು ಇಪ್ಪತ್ತೆರಡರ ಹೊತ್ತಿಗೆ ಪಕ್ವವಾದ ಆಟಗಾರನೂ ಪಕ್ವವಾದ ಮನುಷ್ಯನೂ ಆಗುವುದರಲ್ಲಿ ಗುರುವಿನ ಪಾಲೆಷ್ಟು, ಅವನ ಸ್ವಂತ ಪಾಲೆಷ್ಟು, ಕಾಲದೇಶಗಳ ಪಾಲೆಷ್ಟು? ಈ ಪ್ರಶ್ನೆಗೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಒಬ್ಬ ಮನುಷ್ಯನ ಬಾಳಿನಲ್ಲಿ ಹುಡುಕುವುದು ಮೇಲೆಂದು ನನಗೆ ತೋರಿತು. ಆದುದರಿಂದ ಸೈಯದ್ ಅಬ್ದುಲ್ ರಹೀಂ ಸಾಹೇಬರ ಚರಿತ್ರೆಯನ್ನು ಇಲ್ಲಿ ಬರೆಯಲು ಹೊರಟಿದ್ದೇನೆ. ೨೦೨೪ರಲ್ಲಿ ಬಂದ ಮೈದಾನ್ ಎಂಬ ಹಿಂದಿ ಚಲನಚಿತ್ರದಿಂದ ಅವರ ಹೆಸರು ನಮ್ಮ ಮಿತ್ರರಲ್ಲಿ ಅನೇಕರ ಕಿವಿಗೆ ಬಿದ್ದಿದೆ. ಚಿತ್ರಕ್ಕೆ ಬೇಕಾದ ಅಲಂಕಾರಗಳು ಚಿತ್ರದಲ್ಲಿರಲಿ; ನಾನು ಹೇಳತಕ್ಕದ್ದು ಅಲಂಕಾರವಿಲ್ಲದ ಕಥೆ.

ರಹೀಂ ಸಾಹೇಬರು ಹುಟ್ಟಿದ್ದು ಹೈದರಾಬಾದಿನಲ್ಲಿ, ೧೯೦೯ನೆಯ ಇಸವಿ ಆಗಸ್ಟ್ ೧೭ರಂದು. ಆಗ ಹೈದರಾಬಾದೆಂದರೆ ನಿಜಾಮರ ಸಂಸ್ಥಾನ. ಬೀದರ, ಗುಲ್ಬರ್ಗ, ರಾಯಚೂರು ಎಂಬ ನಮ್ಮ ಕನ್ನಡ ಜಿಲ್ಲೆಗಳೂ ಅದರೊಳಗೇ ಇದ್ದವು. ಹೀಗಾಗಿ ಅವರನ್ನು ಪೂರ್ತಿ ಪರನಾಡಿನವರೆಂದು ಎಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಉರ್ದು ಭಾಷೆಯಲ್ಲಿಯೇ ಉಚ್ಚಶಿಕ್ಷಣ ಕೊಡುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಿ.ಎ. ಮಾಡಿದರು, ವಿಶ್ವವಿದ್ಯಾಲಯದ ತಂಡದಲ್ಲಿ ಚೆಂಡಾಡಿದರು. ಬಳಿಕ ಶಾಲಾ ಉಪಾಧ್ಯಾಯರಾದರು. ಕಾಚಿಗುಡ, ಚಾದರ್‌ಘಾಟ್ ಮೊದಲಾದ ಕಡೆಗಳ ಶಾಲೆಗಳಲ್ಲಿ ಪಾಠ ಹೇಳಿದರು. ಅಂಗಸಾಧನೆಯ ಶಿಕ್ಷಣವನ್ನೂ ಪಡೆದು, ಶಾಲೆಯ ಆಟಪಾಟಗಳ ಹೊಣೆಯನ್ನೂ ಹೊತ್ತರು. ನಮ್ಮ ಹಳ್ಳಿಗಳ ಕಡೆ ಇಂಥವರನ್ನು ಡ್ರಿಲ್ ಮೇಷ್ಟ್ರು ಎಂದು ಕರೆಯುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ತಾತ್ಸಾರವೂ ಬೆರೆತಿರುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನಾನು ಓದಿದ ಒಂದು ಶಾಲೆಯಲ್ಲಿ ವಾರಕ್ಕೆ ಎರಡಿದ್ದ ಆಟದ ಪೀರಿಯಡ್ಡುಗಳು ಡಿಸೆಂಬರ್ ಬಂದೊಡನೆ ಗಣಿತಕ್ಕೆ ಸೇರಿಹೋಗುತ್ತಿದ್ದವು. ಡ್ರಿಲ್ ಮೇಷ್ಟ್ರು ಪಡಸಾಲೆಯಲ್ಲಿ ನಿಂತು ಹಾಜರಿ ಪುಸ್ತಕಗಳಿಗೆ ಗೆರೆ ಎಳೆಯುತ್ತಿದ್ದರು. ಭಾರತದ ಫುಟ್‌ಬಾಲಿನ ಅತ್ಯುತ್ತಮ ಕಾಲವನ್ನು ಕಟ್ಟಿದವರು ಅಂಥ ಮೇಷ್ಟರುಗಳ ಜಾತಿಗೆ ಸೇರಿದವರೆಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

೧೯೪೩ರಲ್ಲಿ ಅವರು ಹೈದರಾಬಾದು ಫುಟ್‌ಬಾಲ್ ಸಂಘದ ಕಾರ್ಯದರ್ಶಿಯಾದರು. ಕೊನೆಯುಸಿರಿರುವವರೆಗೂ ಆ ಸ್ಥಾನದಲ್ಲಿಯೇ ಇದ್ದರು. ಕಾರ್ಯದರ್ಶಿಯ ಕೆಲಸವೆಂದರೆ ಸಾಮಾನ್ಯವಾಗಿ ಚಂದಾ ವಸೂಲಿ, ಪಂದ್ಯಗಳ ಪಟ್ಟಿ, ಬಹುಮಾನ ಹಂಚಲು ಒಬ್ಬ ದೊಡ್ಡ ಮನುಷ್ಯರನ್ನು ಗೊತ್ತುಮಾಡುವುದು, ಇಷ್ಟೇ. ರಹೀಂ ಸಾಹೇಬರು ಅದನ್ನೊಂದು ಪಾಠಶಾಲೆಯನ್ನಾಗಿ ಮಾಡಿದರು. ನಗರದ ಹುಡುಗರಿಗಾಗಿ ಬಗೆಬಗೆಯ ಪಂದ್ಯಾವಳಿಗಳನ್ನು ಏರ್ಪಡಿಸತೊಡಗಿದರು. ವಯಸ್ಸಿನ ಮಿತಿಯುಳ್ಳ ಪಂದ್ಯಗಳು ಕೆಲವು. ಎತ್ತರದ ಮಿತಿಯುಳ್ಳವು ಕೆಲವು. ಗಿಡ್ಡಗಿರುವ ಹುಡುಗನು ಎತ್ತರದವನ ತೋಳಿನ ಕೆಳಗೆ ಸಿಕ್ಕಿ ಆಟದ ಆಸೆಯನ್ನೇ ಬಿಡಬಾರದೆಂಬುದು ಎರಡನೆಯದರ ಉದ್ದೇಶ. ಇನ್ನು ಕೆಲವು ಪಂದ್ಯಗಳಲ್ಲಿ ದುರ್ಬಲವಾದ ಕಾಲಿನಿಂದಲೇ ಆಡಬೇಕು: ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ. ಎಲ್ಲಕ್ಕಿಂತ ವಿಚಿತ್ರವಾದುದು ಡ್ರಿಬಲ್ ಮಾಡುವುದು ನಿಷಿದ್ಧವಾದ ಪಂದ್ಯ. ಚೆಂಡು ಕಾಲಿಗೆ ಬಂದೊಡನೆ ಅದನ್ನು ಮತ್ತೊಬ್ಬನಿಗೆ ದಾಟಿಸಬೇಕೇ ಹೊರತು, ಕಾಲಲ್ಲಿಟ್ಟುಕೊಂಡು ಓಡುವಂತಿಲ್ಲ.

ಈ ಕೊನೆಯ ಬಗೆಯ ಪಂದ್ಯವನ್ನು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ನಮ್ಮ ದೇಶದ ಬೀದಿಗಳಲ್ಲಿ ಬೆಳೆದ ಹುಡುಗನಿಗೆ ಚೆಂಡನ್ನು ಕಾಲಲ್ಲಿಟ್ಟುಕೊಂಡು ಮೂವರನ್ನು ಯಾಮಾರಿಸುವುದೇ ಆಟ. ನೋಡುವವರೂ ಅದಕ್ಕೇ ಚಪ್ಪಾಳೆ ತಟ್ಟುತ್ತಾರೆ. ಅಂಥ ಹುಡುಗನನ್ನು ನಿಲ್ಲಿಸಿ, ಸ್ವಾರ್ಥ ಬೇಡಪ್ಪಾ, ಹತ್ತು ಮಂದಿ ಜೊತೆಗಿದ್ದಾರೆ ಎಂದು ಎಷ್ಟು ಬೋಧಿಸಿದರೂ ಅವನ ಕಾಲು ಕೇಳುವುದಿಲ್ಲ. ಆದರೆ ಡ್ರಿಬಲ್ ಮಾಡಿದರೆ ಚೆಂಡೇ ಎದುರಾಳಿಗೆ ಹೋಗುತ್ತದೆಂಬ ನಿಯಮವಿದ್ದ ಮೇಲೆ ಅವನು ಏನು ಮಾಡಬೇಕು? ಚೆಂಡು ಬರುವುದಕ್ಕೆ ಮುಂಚೆಯೇ ತಲೆಯೆತ್ತಿ ನೋಡಬೇಕು. ಯಾರು ಎಲ್ಲಿದ್ದಾನೆ, ಯಾರು ಎಲ್ಲಿಗೆ ಓಡಲಿದ್ದಾನೆ ಎಂಬುದನ್ನು ಮೊದಲೇ ಲೆಕ್ಕಹಾಕಿರಬೇಕು. ಆಟದಲ್ಲಿ ಪಕ್ವತೆಯೆಂದರೆ ಬಹುಮಟ್ಟಿಗೆ ಇದೇ ಅಲ್ಲವೆ? ತನ್ನ ಕಾಲನ್ನು ಬಿಟ್ಟು ಇತರರ ಕಡೆಗೆ ಕಣ್ಣು ಹೋಗುವುದು. ರಹೀಂ ಸಾಹೇಬರು ಹುಡುಗರ ಸ್ವಭಾವವನ್ನು ತಿದ್ದಲು ಹೋಗಲಿಲ್ಲ, ಆಟದ ನಿಯಮವನ್ನು ತಿದ್ದಿದರು. ಸ್ವಭಾವವು ನಿಯಮದ ಹಿಂದೆ ನಡೆದು ಬಂತು. ಪ್ರಶ್ನಪತ್ರಿಕೆಯನ್ನು ಬದಲಾಯಿಸಿದರೆ ಮಕ್ಕಳು ಓದುವ ರೀತಿಯೇ ಬದಲಾಗುತ್ತದೆಂಬುದು ಉಪಾಧ್ಯಾಯನಿಗೆ ತಿಳಿದ ಗುಟ್ಟು. ಬರಿಯ ಆಟಗಾರನಾಗಿದ್ದವನಿಗೆ ಇದು ಹೊಳೆಯುತ್ತಿತ್ತೇ ಎಂದು ನನಗೆ ಸಂಶಯ.

ಇಲ್ಲಿ ಒಂದು ಮಾತನ್ನು ನಡುವೆ ಸೇರಿಸುತ್ತೇನೆ, ವಾಚಕರು ಕ್ಷಮಿಸಬೇಕು. ಮಂಚೇನಹಳ್ಳಿಯ ಕಡೆಯ ಅನೇಕ ಮನೆಗಳಂತೆ ನಮ್ಮ ಮನೆಯಲ್ಲಿಯೂ ರೇಷ್ಮೆ ಹುಳು ಸಾಕುತ್ತೇವೆ. ಹುಳುವಿಗೆ ಗೂಡು ಕಟ್ಟುವ ಮುಂಚೆ ನಾಲ್ಕು ಜ್ವರಗಳು ಬರುತ್ತವೆ. ಜ್ವರದಲ್ಲಿ ಅದು ತಲೆಯೆತ್ತಿಕೊಂಡು ಸುಮ್ಮನೆ ನಿಂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಸೊಪ್ಪು ಹಾಕಬಾರದು, ತಟ್ಟೆಯನ್ನು ಅಲುಗಾಡಿಸಬಾರದು. ಜ್ವರದಿಂದ ಎದ್ದ ಮೇಲೆ ಮಾತ್ರ ಎಷ್ಟು ಹಾಕಿದರೂ ಸಾಲದು. ಕೊನೆಗೆ ಹುಳು ಹಣ್ಣಾಗುತ್ತದೆ. ಹಣ್ಣಾದುದನ್ನು ಗುರುತಿಸಿ ಆಯ್ದು ಚಂದ್ರಿಕೆಗೆ ಬಿಡುವುದು ನಮ್ಮಮ್ಮನ ಕೆಲಸ. ಮನೆಯ ಶೆಕೆ ತಂಪು, ಸೊಪ್ಪಿನ ಎಳಸು ಬಲಿತು, ತಟ್ಟೆಯ ಶುಚಿ ಇವೆಲ್ಲ ನಮ್ಮ ಕೈಯಲ್ಲಿವೆ. ಹಣ್ಣಾಗುವುದು ಮಾತ್ರ ಹುಳುವಿನ ಕೈಯಲ್ಲಿದೆ; ಒಂದು ದಿನ ಮುಂಚೆ ಹಣ್ಣಾಗೆಂದರೆ ಅದು ಆಗುವುದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿಗೆ ಒಳ್ಳೆಯ ಬೆಲೆ ಬಂದಾಗ ಅದು ನಮ್ಮ ಸಾಮರ್ಥ್ಯವೆಂದೂ, ಹುಳು ಸತ್ತಾಗ ಅದು ಹುಳುವಿನ ಹಣೆಬರಹವೆಂದೂ ನಾವು ಹೇಳಿಕೊಳ್ಳುವುದುಂಟು. ಆಟದ ಗುರುಗಳಲ್ಲಿಯೂ ಕೆಲವರು ಹೀಗೆಯೇ ಲೆಕ್ಕ ಬರೆಯುತ್ತಾರೆ. ರಹೀಂ ಸಾಹೇಬರು ಹಾಗೆ ಬರೆದವರಲ್ಲ.

೧೯೫೦ರಲ್ಲಿ ಅವರು ಹೈದರಾಬಾದು ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ತಂಡ ಅವರಿಗಿಂತ ಮುಂಚೆಯೇ ಬಲವಾದದ್ದು. ಮಹಾಯುದ್ಧದ ಕಾಲದಲ್ಲಿ, ೧೯೪೩ರಲ್ಲಿ, ನಮ್ಮ ಬೆಂಗಳೂರಿಗೇ ಬಂದು ಆಶ್ ಚಿನ್ನದ ಬಟ್ಟಲಿನ ಪಂದ್ಯದಲ್ಲಿ ಆಂಗ್ಲರ ವಾಯುಸೇನೆಯ ತಂಡವನ್ನು ಸೋಲಿಸಿ ಹೆಸರು ಮಾಡಿತ್ತು. ಆದರೆ ರಹೀಂ ಸಾಹೇಬರ ಕೈಗೆ ಬಂದ ಮೇಲೆ ಆದುದೇ ಬೇರೆ. ೧೯೫೦ರಿಂದ ೧೯೫೪ರವರೆಗೆ ಸತತವಾಗಿ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಕಲ್ಕತ್ತೆಯ ದೊಡ್ಡ ಸಂಘಗಳಿಗೆ ಇದು ನುಂಗಲಾರದ ತುತ್ತಾಯಿತು. ಅದೇ ರೋವರ್ಸ್ ಕಪ್ಪನ್ನು ೧೯೩೭ ಮತ್ತು ೧೯೩೮ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಗೆದ್ದಿತ್ತೆಂಬುದನ್ನು ಅಭಿಮಾನದಿಂದ ಇಲ್ಲಿ ನೆನೆಯಬಹುದು. ಪೊಲೀಸ್ ತಂಡದ ಹುಡುಗರಿಗೆ ಒಂದು ಅನುಕೂಲವಿತ್ತು: ಆಡಿದರೆ ಸರ್ಕಾರಿ ಕೆಲಸ, ತಿಂಗಳಿಗೊಂದು ಸಂಬಳ. ಊಟದ ಚಿಂತೆಯಿಲ್ಲದ ಹುಡುಗನಿಗೆ ಗುರುವಿನ ಮಾತು ಕಿವಿಗೆ ಹೋಗುತ್ತದೆ. ಈ ಭಾಗ್ಯವನ್ನು ಒದಗಿಸಿದ್ದು ಇಲಾಖೆಯೇ ಹೊರತು ರಹೀಂ ಸಾಹೇಬರಲ್ಲ. ಗುರುವಿನ ಮಹಿಮೆಯನ್ನು ಹಾಡುವವರು ಇದನ್ನು ಮರೆಯಬಾರದು.

ದೇಶದ ತಂಡದ ಹೊಣೆಯೂ ಅವರ ಹೆಗಲಿಗೆ ಬಂತು. ೧೯೫೧ರಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡಾಕೂಟದಲ್ಲಿ ಶೈಲೇನ್ ಮನ್ನಾ ಅವರ ನಾಯಕತ್ವದ ಭಾರತವು ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನ ಪಡೆಯಿತು. ಗೋಲು ಹೊಡೆದವರು ಮೇವಾಲಾಲ್. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯಾ ಇದೇ ಭಾರತದ ಮೇಲೆ ಹತ್ತು ಗೋಲು ಹೊಡೆಯಿತು. ನಮ್ಮವರು ಹಿಂದಿರುಗಿಸಿದ್ದು ಒಂದು. ಆ ಒಂದನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು, ಚಳಿದೇಶದ ನೆಲ. ಸಾಲದುದಕ್ಕೆ ನಮ್ಮ ದೇಶದಲ್ಲಿ ಆಗ ಪಂದ್ಯಗಳು ೭೦ ನಿಮಿಷದವು, ಅಲ್ಲಿ ೯೦ ನಿಮಿಷ. ಹುಡುಗನ ಕಾಲಿಗೆ ಬೂಟು ಅಭ್ಯಾಸವಾಗಿಲ್ಲದಿದ್ದರೆ, ಅವನ ಉಸಿರಿಗೆ ಕೊನೆಯ ಇಪ್ಪತ್ತು ನಿಮಿಷ ಅಭ್ಯಾಸವಾಗಿಲ್ಲದಿದ್ದರೆ, ಕೆಲವು ವಾರಗಳ ಶಿಬಿರದಲ್ಲಿ ಯಾವ ಗುರುವೂ ಅದನ್ನು ತುಂಬಿಕೊಡಲಾರ. ಆ ಸೋಲಿನ ಬಳಿಕವೇ ಭಾರತದ ಫುಟ್‌ಬಾಲ್ ಮಂಡಲಿಯು ಬೂಟನ್ನು ಕಡ್ಡಾಯ ಮಾಡಿತು.

ಅಹಮದ್ ಖಾನರ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ಪ್ರಶ್ನೆಗೆ ಅವರು ಒಂದು ಬಗೆಯ ಉತ್ತರ. ೧೯೨೬ರಲ್ಲಿ ಹುಟ್ಟಿದ ಇವರು ಹುಡುಗನಾಗಿದ್ದಾಗಲೇ ಬೆಂಗಳೂರಿನ ಸಂಘದಲ್ಲಿ ಆಡತೊಡಗಿ, ೧೯೪೮ರ ಲಂಡನ್ ಒಲಿಂಪಿಕ್ಸಿಗೆ ಹೋಗಿ ಬಂದು, ೧೯೪೯ರಿಂದ ಕಲ್ಕತ್ತೆಯ ಈಸ್ಟ್ ಬೆಂಗಾಲಿನ ಪಂಚಪಾಂಡವರೆಂದು ಹೆಸರಾದ ಐವರು ಮುಂಪಂಕ್ತಿಯವರಲ್ಲಿ ಒಬ್ಬರಾದರು. ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಾರೆಂದು ಜನ ಅವರನ್ನು ಹೊಗಳುತ್ತಿದ್ದರು. ಅಂದರೆ ರಹೀಂ ಸಾಹೇಬರ ಕೈಗೆ ಬರುವ ಹೊತ್ತಿಗೆ ಇವರು ಹಣ್ಣಾಗಿದ್ದರು. ಇಂಥವರಿಗೆ ಗುರುವು ಕಲಿಸತಕ್ಕದ್ದು ಕಡಿಮೆ, ಕೆಡಿಸದಿದ್ದರೆ ಸಾಕು. ಡ್ರಿಬಲ್ಲನ್ನು ನಿಷೇಧಿಸಿ ಹುಡುಗರ ಪಂದ್ಯ ನಡೆಸಿದ ಅದೇ ಮನುಷ್ಯರು ದೇಶದ ತಂಡದಲ್ಲಿ ಅಹಮದ್ ಖಾನರಂಥ ಡ್ರಿಬಲ್ ಗಾರುಡಿಗನಿಗೆ ಸ್ಥಳ ಕೊಟ್ಟಿದ್ದರಲ್ಲ, ಅದನ್ನು ನಾನು ಅವರ ವಿವೇಕವೆಂದೇ ತಿಳಿಯುತ್ತೇನೆ.

ಇದಕ್ಕೆ ವಿರುದ್ಧವಾದ ಉತ್ತರ ತುಳಸಿದಾಸ ಬಲರಾಮ್. ಸಿಕಂದರಾಬಾದಿನ ಹತ್ತಿರದ ಅಮ್ಮುಗುಡ ಎಂಬಲ್ಲಿ ೧೯೩೬ರಲ್ಲಿ ಒಂದು ಬಡ ತಮಿಳು ಕುಟುಂಬದಲ್ಲಿ ಹುಟ್ಟಿದ ಹುಡುಗ. ಪೊಲೀಸರು ಹಾಕಿ ಹಳತಾದ ಬೂಟುಗಳ ತೊಗಲಿನಿಂದ ಚಮ್ಮಾರನೊಬ್ಬನು ಹೊಲಿದುಕೊಟ್ಟ ಬೂಟಿನಲ್ಲಿ ಆಡುತ್ತಿದ್ದನಂತೆ. ಸ್ಥಳೀಯ ಪಂದ್ಯವೊಂದರಲ್ಲಿ ಅವನ ಆಟ ರಹೀಂ ಸಾಹೇಬರ ಕಣ್ಣಿಗೆ ಬಿತ್ತು. ಹೈದರಾಬಾದಿಗೆ ಬಂದು ಅಭ್ಯಾಸದಲ್ಲಿ ಸೇರಿಕೊಳ್ಳೆಂದು ಹೇಳಿದರು. ಅಷ್ಟು ದೂರ ದಿನವೂ ಬಂದುಹೋಗಲು ಹುಡುಗನ ಬಳಿ ಕಾಸಿಲ್ಲ. ಬಾಡಿಗೆಯ ಸೈಕಲ್ಲಿಗೆ ಬೇಕಾದ ಹಣವನ್ನು ಸಾಹೇಬರೇ ಕೊಟ್ಟರೆಂದು ಬಲರಾಮ್ ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಆ ಹುಡುಗ ಹೈದರಾಬಾದಿನ ಪರವಾಗಿ ಸಂತೋಷ್ ಟ್ರೋಫಿಯಲ್ಲಿ ಆಡಿ, ಇಪ್ಪತ್ತನೆಯ ವಯಸ್ಸಿಗೆ, ಅಂದರೆ ನನ್ನ ಈಗಿನ ವಯಸ್ಸಿಗೆ, ಮೆಲ್ಬರ್ನಿನ ಒಲಿಂಪಿಕ್ಸಿಗೆ ಹೋದನು. ಪದವಿಗೆ ಬಂದ ಮೊದಲನೆಯವನು ನಾನು ನಮ್ಮ ಮನೆಯಲ್ಲಿ. ಬಸ್ ಪಾಸಿನ ಹಣಕ್ಕೆ ಒಂದು ತಿಂಗಳು ತಡವಾಗಿದ್ದರೆ ನನ್ನ ವಿದ್ಯೆಯ ಕಥೆ ಬೇರೆಯಾಗುತ್ತಿತ್ತೆಂಬುದು ನನಗೆ ಗೊತ್ತು. ಆದುದರಿಂದ ಗುರುವಿನ ಪಾಲೆಷ್ಟೆಂದು ಯಾರಾದರೂ ಕೇಳಿದರೆ, ತಂತ್ರ, ವ್ಯೂಹ, ವ್ಯಾಯಾಮಗಳಿಗಿಂತ ಮೊದಲು ನನಗೆ ನೆನಪಾಗುವುದು ಆ ಸೈಕಲ್ಲಿನ ಬಾಡಿಗೆ.

ಮೆಲ್ಬರ್ನ್ ಒಲಿಂಪಿಕ್ಸು ನಡೆದದ್ದು ೧೯೫೬ರ ನವೆಂಬರ್ ಡಿಸೆಂಬರುಗಳಲ್ಲಿ. ನವೆಂಬರ್ ೧ರಂದು ತಾನೇ ರಾಜ್ಯಗಳ ಪುನರ್‌ವಿಂಗಡಣೆಯಾಗಿ ಕನ್ನಡನಾಡು ಒಂದಾಗಿತ್ತು, ಹೈದರಾಬಾದು ರಾಜ್ಯವೆಂಬುದು ಭೂಪಟದಿಂದ ಅಳಿಸಿಹೋಗಿತ್ತು. ಸರಿಯಾಗಿ ಒಂದು ತಿಂಗಳ ಬಳಿಕ, ಡಿಸೆಂಬರ್ ೧ರಂದು, ಭಾರತವು ಆಸ್ಟ್ರೇಲಿಯಾದವರನ್ನು ಅವರ ನೆಲದಲ್ಲಿಯೇ ೪-೨ರಿಂದ ಸೋಲಿಸಿತು. ಬೊಂಬಾಯಿಯ ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನ ಸೆಮಿಫೈನಲ್ ಮುಟ್ಟಿದ ಮೊದಲನೆಯ ಏಷ್ಯಾ ದೇಶ ಭಾರತವಾಯಿತು. ಸೆಮಿಫೈನಲಿನಲ್ಲಿ ಯುಗೋಸ್ಲಾವಿಯಾದ ಮೇಲೆ ಮೊದಲ ಗೋಲನ್ನು ನಮ್ಮವರೇ ಹೊಡೆದರೂ ಕೊನೆಗೆ ೧-೪ರಿಂದ ಸೋತರು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಮೂರು ಗೋಲುಗಳಿಂದ ಗೆದ್ದಿತು. ನಾಲ್ಕನೆಯ ಸ್ಥಾನ. ನಾಲ್ಕು ವರ್ಷದ ಹಿಂದೆ ಇದೇ ಯುಗೋಸ್ಲಾವಿಯಾ ಹತ್ತು ಗೋಲು ಹೊಡೆದಿತ್ತೆಂಬುದನ್ನು ಜ್ಞಾಪಿಸಿಕೊಂಡರೆ ಈ ನಾಲ್ಕು ವರ್ಷಗಳ ಪಾಠ ಎಂಥದೆಂದು ತಿಳಿಯುತ್ತದೆ.

ಆ ತಂಡದಲ್ಲಿ ನಮ್ಮ ಮೈಸೂರಿನ ಕೆಂಪಯ್ಯನವರಿದ್ದರು. ಹಾಫ್ ಬ್ಯಾಕ್ ಸ್ಥಾನದ ಆಟಗಾರ. ಹಾಫ್ ಬ್ಯಾಕ್ ಎಂದರೆ ಗೋಲು ಹೊಡೆಯುವವನೂ ಅಲ್ಲ, ಗೋಲು ತಡೆಯುವವನೂ ಅಲ್ಲ. ನಡುವೆ ಓಡುತ್ತ, ಹಿಂದಿನಿಂದ ಬಂದುದನ್ನು ಮುಂದಕ್ಕೆ ಸಾಗಿಸುವವನು. ಪತ್ರಿಕೆಯಲ್ಲಿ ಅವನ ಹೆಸರು ಕೊನೆಯ ಸಾಲಿನಲ್ಲಿ ಬಂದರೆ ಬಂತು. ನಾನು ಕಾಲೇಜಿನ ತಂಡದಲ್ಲಿ ಅದೇ ಸ್ಥಾನದಲ್ಲಿ ಆಡುವವನಾದ್ದರಿಂದ ಈ ಪಕ್ಷಪಾತವನ್ನು ಮನ್ನಿಸಬೇಕು. ರಹೀಂ ಸಾಹೇಬರು ಕೆಂಪಯ್ಯನವರನ್ನು ೧೯೬೦ರಲ್ಲಿ ರೋಮಿಗೂ ಕರೆದೊಯ್ದರು. ಒಲಿಂಪಿಕ್ಸಿಗೆ ಎರಡು ಬಾರಿ ಒಬ್ಬ ಗುರುವಿನ ಆಯ್ಕೆಗೆ ಪಾತ್ರನಾಗುವುದು ಸಾಮಾನ್ಯವಲ್ಲ. ಆದರೂ ನಮ್ಮ ಜಿಲ್ಲೆಯಲ್ಲಿ ಅವರ ಹೆಸರನ್ನು ಹೇಳಿದರೆ ಯಾರೆಂದು ಕೇಳುವವರೇ ಹೆಚ್ಚು.

ರೋಮಿನ ಕಥೆ ಗೆಲುವಿನ ಕಥೆಯಲ್ಲ. ಹಂಗೇರಿಯೊಡನೆ ೧-೨ರ ಸೋಲು, ಫ್ರಾನ್ಸಿನೊಡನೆ ೧-೧ರ ಸಮ, ಪೆರುವಿನೊಡನೆ ೧-೩ರ ಸೋಲು. ನಾಯಕ ಪಿ.ಕೆ. ಬ್ಯಾನರ್ಜಿ ಫ್ರಾನ್ಸಿನ ಮೇಲೆ ಗೋಲು ಹೊಡೆದರೆ, ಉಳಿದೆರಡನ್ನೂ ಹೊಡೆದವನು ನಮ್ಮ ಬಾಡಿಗೆ ಸೈಕಲ್ಲಿನ ಬಲರಾಮ್. ಆದರೆ ನನಗೆ ರೋಮಿನಲ್ಲಿ ಮುಖ್ಯವಾಗಿ ಕಾಣುವುದು ಮೈದಾನದ ಒಳಗಿನ ಸಂಗತಿಯಲ್ಲ, ಹೊರಗಿನದು. ಆ ತಂಡಕ್ಕೆ ಆಯ್ಕೆಯಾದವರಲ್ಲಿ ಸೈಯದ್ ಶಾಹಿದ್ ಹಕೀಂ ಎಂಬ ಇಪ್ಪತ್ತೊಂದು ವರ್ಷದ ಯುವಕನೊಬ್ಬನಿದ್ದನು. ರಹೀಂ ಸಾಹೇಬರ ಮಗ. ಮೂರು ಪಂದ್ಯಗಳೂ ಮುಗಿದವು. ಮಗನನ್ನು ತಂದೆ ಒಂದು ಪಂದ್ಯದಲ್ಲಿಯೂ ಇಳಿಸಲಿಲ್ಲ. ೧೯೬೨ರ ಜಕಾರ್ತಾ ತಂಡದಲ್ಲಿ ಅವನಿಗೆ ಸ್ಥಾನವೇ ಸಿಗಲಿಲ್ಲ.

ಇದನ್ನು ಓದಿದ ನನ್ನ ಸಹಪಾಠಿಯೊಬ್ಬನು ಇದು ನ್ಯಾಯವೋ ಕ್ರೌರ್ಯವೋ ಎಂದು ಕೇಳಿದನು. ಪರರ ಮಗನಾಗಿದ್ದರೆ ಒಂದು ಪಂದ್ಯದಲ್ಲಾದರೂ ಆಡಿಸುತ್ತಿದ್ದರೇನೋ ಎಂಬುದು ಅವನ ವಾದ. ಇರಬಹುದು. ಮಗನೆಂಬ ಕಾರಣಕ್ಕೆ ಆಡಿಸುವ ತಂದೆಗಳು ಹೇಗೆ ಉಂಟೋ, ಹಾಗೆಯೇ ಮಗನೆಂಬ ಕಾರಣಕ್ಕೆ ಆಡಿಸದಿರುವ ತಂದೆಗಳೂ ಉಂಟು. ನಾನು ಈ ವಿಷಯದಲ್ಲಿ ತೀರ್ಪು ಕೊಡಲಾರೆ. ಒಂದನ್ನು ಮಾತ್ರ ಹೇಳಬಲ್ಲೆ: ತಂಡದ ಉಳಿದ ಹುಡುಗರು ಅದನ್ನು ನೋಡಿದರು. ಹೊರಗೆ ಕುಳಿತವನ ನೋವು ಗುರುವಿಗೆ ಗೊತ್ತಿಲ್ಲದ್ದಲ್ಲ ಎಂದು, ಆ ದಿನದಿಂದ ಹೊರಗೆ ಕುಳಿತವರೆಲ್ಲರಿಗೂ ತಿಳಿದಿರಬೇಕು. ಸ್ಥಳ ಸಿಗದಿದ್ದರೂ ಮುನಿಸಿಕೊಳ್ಳದ ಹುಡುಗರು ಎರಡು ವರ್ಷಗಳ ಬಳಿಕ ಜಕಾರ್ತಾದಲ್ಲಿ ಅವರ ಬಳಿ ಇದ್ದರು.

ಜಕಾರ್ತಾಕ್ಕೆ ಹೋಗುವ ಹೊತ್ತಿಗೆ ರಹೀಂ ಸಾಹೇಬರ ದೇಹದಲ್ಲಿ ಕ್ಯಾನ್ಸರ್ ರೋಗ ಮನೆಮಾಡಿತ್ತು. ಮೊದಲನೆಯ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ಭಾರತವನ್ನು ೨-೦ಯಿಂದ ಸೋಲಿಸಿತು. ಬಳಿಕ ಥೈಲೆಂಡನ್ನು ೪-೧, ಜಪಾನನ್ನು ೨-೦ ಗೋಲುಗಳಿಂದ ಗೆದ್ದರು. ಥೈಲೆಂಡಿನ ಪಂದ್ಯದಲ್ಲಿ ಪಂಜಾಬಿನ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಇವರು ರಕ್ಷಣಾ ಪಂಕ್ತಿಯ ಕಂಬ. ಆಟದ ನಡುವೆ ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಹೊಲಿಗೆಯ ತಲೆಯಿಂದ ಹಿಂದೆ ನಿಂತು ಚೆಂಡಿಗೆ ತಲೆಕೊಡುವುದು ಅಪಾಯ. ಹೊರಗೆ ಕೂರಿಸಿದರೆ ತಂಡಕ್ಕೆ ನಷ್ಟ. ರಹೀಂ ಸಾಹೇಬರು ಸೆಮಿಫೈನಲಿಗೆ ಅವರನ್ನು ಹಿಂದಿನಿಂದ ತೆಗೆದು ಎಲ್ಲರಿಗಿಂತ ಮುಂದೆ, ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ನಿಲ್ಲಿಸಿದರು. ನೋಡಿದವರಿಗೆ ಇದು ಜೂಜಿನಂತೆ ಕಂಡಿರಬೇಕು. ಆದರೆ ಜರ್ನೈಲ್ ಸಿಂಗರು ಕಾಲೇಜಿನ ದಿನಗಳಲ್ಲಿ ಆ ಸ್ಥಾನದಲ್ಲಿ ಆಡಿದ್ದವರು. ಹತ್ತಾರು ಪ್ರಸಿದ್ಧ ಪಂದ್ಯಗಳಲ್ಲಿ ರಕ್ಷಕನೆಂದು ಕೀರ್ತಿ ಪಡೆದ ಮನುಷ್ಯನೊಳಗೆ ಹಳೆಯ ಕಾಲೇಜು ಹುಡುಗನೊಬ್ಬನು ಇನ್ನೂ ಇದ್ದಾನೆಂಬುದನ್ನು ನೆನಪಿಟ್ಟುಕೊಂಡವರು ಗುರು; ಬೇಕಾದಾಗ ಆ ಹುಡುಗನನ್ನು ಹೊರಕ್ಕೆ ತಂದವರು ಜರ್ನೈಲ್ ಸಿಂಗರೇ. ದಕ್ಷಿಣ ವಿಯೆಟ್ನಾಮನ್ನು ೩-೨ರಿಂದ ದಾಟಿ ಭಾರತವು ಫೈನಲಿಗೆ ಬಂತು.

ಆ ಹೊತ್ತಿಗೆ ಜಕಾರ್ತಾದ ಜನರಿಗೆ ಭಾರತವೆಂದರೆ ಕೋಪ. ಇಸ್ರೇಲನ್ನೂ ತೈವಾನನ್ನೂ ಕೂಟದಿಂದ ಹೊರಗಿಟ್ಟುದನ್ನು ಭಾರತದ ಅಧಿಕಾರಿ ಸೋಂಧಿಯವರು ಆಕ್ಷೇಪಿಸಿದ್ದೇ ಅದಕ್ಕೆ ಕಾರಣ. ಆಟಗಾರರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬೀದಿಯಲ್ಲಿ ಬೈಗುಳ ತಿಂದವರು ಆಟಗಾರರು. ಫೈನಲಿನ ಹಿಂದಿನ ರಾತ್ರಿ ಹುಡುಗರಿಗೆ ನಿದ್ದೆ ಬಾರದಿದ್ದಾಗ ರಹೀಂ ಸಾಹೇಬರು ಅವರನ್ನು ಸೇರಿಸಿ, ತಮಗೊಂದು ಕಾಣಿಕೆ ಬೇಕೆಂದೂ ಅದು ನಾಳಿನ ಚಿನ್ನದ ಪದಕವೆಂದೂ ಕೇಳಿಕೊಂಡರೆಂದು ಆ ಆಟಗಾರರು ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದರು. ಅಪ್ಪಣೆ ಮಾಡಬಹುದಾಗಿದ್ದ ಮನುಷ್ಯರು ಬೇಡಿಕೊಂಡರು. ಇಷ್ಟು ವರ್ಷ ನಿಯಮವನ್ನು ಬದಲಾಯಿಸಿ, ಸ್ಥಾನವನ್ನು ಬದಲಾಯಿಸಿ, ಯಾರು ಒಳಗೆ ಯಾರು ಹೊರಗೆ ಎಂದು ತೀರ್ಮಾನಿಸಿ ಬಂದವರಿಗೆ, ಮರುದಿನ ತಮ್ಮ ಕೈಯಲ್ಲಿ ಏನೂ ಇರುವುದಿಲ್ಲವೆಂಬುದು ತಿಳಿದಿತ್ತು.

೧೯೬೨ನೆಯ ಸೆಪ್ಟೆಂಬರ್ ೪. ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ, ಬಹುತೇಕ ಎಲ್ಲರೂ ಭಾರತದ ವಿರುದ್ಧ. ಹಿಂದಿನ ಪಂದ್ಯಗಳಲ್ಲಿ ಗೋಲು ಕಾದಿದ್ದ ಪ್ರದ್ಯೋತ್ ಬರ್ಮನರ ಬದಲು ಜ್ವರದಿಂದ ಎದ್ದ ಪೀಟರ್ ತಂಗರಾಜರನ್ನು ರಹೀಂ ಸಾಹೇಬರು ನಿಲ್ಲಿಸಿದರು. ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲ್ ಸಿಂಗ್ ಇನ್ನೊಂದು. ಉಳಿದ ಹೊತ್ತೆಲ್ಲ ಕಾದದ್ದೇ ಕೆಲಸ. ಐದು ನಿಮಿಷ ಉಳಿದಿದ್ದಾಗ ಕೊರಿಯಾದವರು ಒಂದು ಗೋಲು ಹೊಡೆದರು. ಅಲ್ಲಿಂದ ಮುಂದೆ ಅವರಿಗೆ ದಾರಿ ಸಿಗಲಿಲ್ಲ. ಚುನಿ ಗೋಸ್ವಾಮಿಯವರ ನಾಯಕತ್ವದ ಭಾರತ ೨-೧ರಿಂದ ಗೆದ್ದಿತು. ಹನ್ನೊಂದು ವರ್ಷಗಳಲ್ಲಿ ರಹೀಂ ಸಾಹೇಬರ ಎರಡನೆಯ ಏಷ್ಯನ್ ಚಿನ್ನ. ಅಂದಿನಿಂದ ಇಂದಿನವರೆಗೆ ಆ ಕೂಟದ ಫುಟ್‌ಬಾಲಿನಲ್ಲಿ ಭಾರತಕ್ಕೆ ಮತ್ತೊಂದು ಚಿನ್ನ ಬಂದಿಲ್ಲ.

ಇನ್ನು ಹೇಳುವುದು ಸ್ವಲ್ಪ. ೧೯೬೩ನೆಯ ಜೂನ್ ೧೧ರಂದು ರಹೀಂ ಸಾಹೇಬರು ತೀರಿಕೊಂಡರು; ಐವತ್ತನಾಲ್ಕು ತುಂಬಿರಲಿಲ್ಲ. ಅವರ ಹುಡುಗರು ಇನ್ನೂ ಒಂದು ವರ್ಷ ಅದೇ ಓಟದಲ್ಲಿ ಓಡಿ, ೧೯೬೪ರ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದರು. ೧೯೬೦ರ ಬಳಿಕ ಒಲಿಂಪಿಕ್ಸಿನ ಫುಟ್‌ಬಾಲಿಗೆ ಭಾರತ ಹೋಗಿಲ್ಲ. ಗುರುವಿನ ಪಾಲು ದೊಡ್ಡದೆಂದು ವಾದಿಸುವವರು ಇದನ್ನೇ ಸಾಕ್ಷಿಯಾಗಿ ಹಿಡಿಯುತ್ತಾರೆ. ನನಗೆ ಅದು ಪೂರ್ತಿ ಸರಿತೋರುವುದಿಲ್ಲ. ಅವರ ತರುವಾಯ ನಿಂತುಹೋದದ್ದು ಒಬ್ಬ ಮನುಷ್ಯನ ಮಾಟವಲ್ಲ. ಗಿಡ್ಡ ಹುಡುಗರ ಪಂದ್ಯ, ಎಡಗಾಲಿನ ಪಂದ್ಯ, ಡ್ರಿಬಲ್ ಇಲ್ಲದ ಪಂದ್ಯಗಳು. ಇವನ್ನು ನಡೆಸಲು ಮಹಾಪುರುಷರೇ ಬೇಕೆಂದಿಲ್ಲ. ಒಂದು ಮೈದಾನ, ಒಂದು ಚೆಂಡು, ಡಿಸೆಂಬರಿನಲ್ಲಿಯೂ ಪೀರಿಯಡ್ಡನ್ನು ಬಿಟ್ಟುಕೊಡದ ಒಬ್ಬ ಡ್ರಿಲ್ ಮೇಷ್ಟ್ರು ಸಾಕು.

ಬಲರಾಮ್ ಎದೆಯ ಕಾಯಿಲೆಗೆ ತುತ್ತಾಗಿ ಅದೇ ೧೯೬೩ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನೊಳಗೆ, ಆಟ ಬಿಟ್ಟರು. ಬಂಗಾಳದಲ್ಲಿಯೇ ನೆಲೆಸಿ, ಒಂಟಿಯಾಗಿ ಬಾಳಿ, ೨೦೨೩ರಲ್ಲಿ ಕಣ್ಮುಚ್ಚಿದರು. ರೋಮಿನಲ್ಲಿ ಹೊರಗೆ ಕುಳಿತ ಹಕೀಂ ವಾಯುಸೇನೆಯಲ್ಲಿ ಅಧಿಕಾರಿಯಾದರು, ತಂದೆಯಂತೆಯೇ ತರಬೇತುದಾರರಾದರು, ಆಡಲು ಸಿಗದ ಮೈದಾನಗಳಲ್ಲಿ ಅಂತರರಾಷ್ಟ್ರೀಯ ಪಂದ್ಯಗಳ ತೀರ್ಪುಗಾರರಾಗಿ ಸೀಟಿ ಹಿಡಿದು ನಿಂತರು. ೨೦೧೭ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ೨೦೨೧ನೆಯ ಆಗಸ್ಟ್ ೨೨ರಂದು ಅವರು ತೀರಿಕೊಂಡದ್ದು ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ.